ಕಾಕಾಗೆ ನಾನು ಕಲಿಸಿದ ಯುದ್ಧ

ಆಗ ನಮ್ಮ ಶಾಲೆಯ ಮಾಸ್ತರರ ಬಾಯಲ್ಲಿ ಇದ್ದದ್ದು ಒಂದೇ ಬೈಗುಳ. ‘ಓದಲಿಲ್ಲಂದ್ರ ಕಲ್ಲು ಹೊರಾಕ ಹೋಗ್ತೀರಿ.’ ಮಗ್ಗಿ ತಪ್ಪಿದರೂ ಅದೇ, ಪಾಟಿ ಮನೆಯಲ್ಲಿ ಮರೆತು ಬಂದರೂ ಅದೇ. ಶಹಾಬಾದಿನಿಂದ ವಾಡಿ ಕಡೆ ಹೋಗುವ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಬರೀ ಫರ್ಸಿ ಕಲ್ಲಿನ ಖಣಿಗಳು. ನಮ್ಮ ಮನೆಯ ನೆಲ ಫರ್ಸಿ, ಮಾಳಿಗೆ ಫರ್ಸಿ, ಬಚ್ಚಲಿಗೆ ಮರೆ ನಿಲ್ಲಿಸಿದ್ದೂ ಫರ್ಸಿಯೇ. ತರಗತಿಯ ಅರ್ಧ ಮಕ್ಕಳ ಅಪ್ಪಂದಿರು ಬೆಳಗಾದರೆ ಖಣಿಗೆ ಇಳಿಯುತ್ತಿದ್ದರು, ನನ್ನಪ್ಪನೂ ಇಳಿಯುತ್ತಿದ್ದ. ಆದರೂ ಆ ಬೈಗುಳ ಕೇಳಿದಾಗ ನಮಗ್ಯಾರಿಗೂ ನಮ್ಮಪ್ಪಂದಿರ ನೆನಪು ಬರುತ್ತಿರಲಿಲ್ಲ. ಕಲ್ಲು ಹೊರುವುದೆಂದರೆ ಫೇಲಾದವರ ಕೆಲಸ. ಅಷ್ಟೇ ನಮಗೆ ಗೊತ್ತಿದ್ದದ್ದು.

ನಮ್ಮ ಮನೆಯಲ್ಲಿ ಆ ಕೆಲಸದಿಂದ ಪಾರಾದವನು ಒಬ್ಬನೇ, ಅಪ್ಪನ ತಮ್ಮ ಶರಣಪ್ಪ ಕಾಕಾ. ಎರಡು ವರ್ಷ ಖಣಿಯಲ್ಲಿ ದುಡಿದು ಮಿಲ್ಟ್ರಿ ಸೇರಿದ್ದ. ರಜೆಗೆ ಬಂದರೆ ಅವನ ಕಪ್ಪು ಟ್ರಂಕು ತೆರೆಯುವಾಗ ನಾನು ಮೂಗು ತೂರಿಸಿ ಕೂರುತ್ತಿದ್ದೆ. ಬೂಟಿನ ಪಾಲಿಶ್, ಕೆಂಪು ಸಾಬೂನು, ನುಸಿಗುಳಿಗೆ ಎಲ್ಲ ಸೇರಿದ ಆ ವಾಸನೆ ನಮ್ಮ ಓಣಿಯ ಬೇರೆ ಯಾವ ಮನೆಯಲ್ಲೂ ಇರಲಿಲ್ಲ. ಅದರ ಸೊಕ್ಕು ನನಗೆ ಭಾಳ ಇತ್ತು.

ಕಾರ್ಗಿಲ್ ಯುದ್ಧ ಶುರುವಾದಾಗ ನಾನು ಐದನೇ ಇಯತ್ತೆ. ಕಾಕಾನ ಪಲ್ಟನ್ನು ಅಲ್ಲಿಗೆ ಹೋಗಿದೆ ಎಂಬ ಒಂದು ಕಾರ್ಡು ಬಂತು, ಆಮೇಲೆ ಏನೂ ಬರಲಿಲ್ಲ. ಅಪ್ಪನ ಅವ್ವ, ನಮ್ಮ ಆಯಿ, ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ರೇಡಿಯೋದಲ್ಲಿ ವಾರ್ತೆ ಶುರುವಾದರೆ ‘ಬಂದ್ ಮಾಡೋ’ ಅನ್ನುವಳು, ಬಂದ್ ಮಾಡಿದರೆ ‘ಯಾಕ ಬಂದ್ ಮಾಡ್ದಿ’ ಅನ್ನುವಳು. ರೊಟ್ಟಿ ಬಡಿಯುವಾಗ ಮೊದಲನೆಯದನ್ನು ಕಾಕಾನ ಪಾಲಿಗೆಂದು ಬುಟ್ಟಿಯಲ್ಲಿ ಬೇರೆ ಇಡುವಳು. ಮುಸ್ಸಂಜೆಗೆ ಅದನ್ನು ಆಕಳ ಬಾಯಿಗೆ ಹಿಡಿಯುವಳು. ಪುಂಡಿಪಲ್ಯದ ಜೊತೆ ಆ ಬಿಸಿ ರೊಟ್ಟಿ ನನಗೇ ಬೇಕಾಗಿರುತ್ತಿತ್ತು. ಕೇಳಿದರೆ ಅವ್ವ ಕಣ್ಣು ಬಿಡುತ್ತಿದ್ದಳು.

ಮನೆಯ ಈ ತಳಮಳದಿಂದ ಓಡಿ ನಾನು ಹಳೇ ಖಣಿಗೆ ಹೋಗುತ್ತಿದ್ದೆ. ಕೆಲಸ ನಿಂತ ಆ ಗುಂಡಿಯ ದಂಡೆಯಲ್ಲಿ ಒಡೆದ ಕಲ್ಲಿನ ದೊಡ್ಡ ಗುಡ್ಡೆ ಇತ್ತು. ಅದೇ ಕಾಶ್ಮೀರ. ಗೆಳತಿ ರಜಿಯಾ ವೈರಿ, ನಾನು ಕಾಕಾ. ಆಟದ ಜೊತೆಗೆ ನಾನೊಂದು ಕಥೆ ಕಟ್ಟಿದೆ. ಆರು ಮಂದಿ ವೈರಿಗಳು, ಕಾಕಾ ಒಬ್ಬನೇ. ಅವರು ಜಾಲಿ ಗಿಡದ ಹಿಂದೆ ಅಡಗಿದ್ದಾರೆ. ಕಾಕಾ ಹೊಟ್ಟೆಯ ಮೇಲೆ ತೆವಳಿ ಹೋಗಿ ಒಬ್ಬೊಬ್ಬರನ್ನೇ ಹೊಡೆಯುತ್ತಾನೆ, ಕೊನೆಗೆ ಬಂದೂಕಿನಲ್ಲಿ ಒಂದೇ ಗುಂಡು ಉಳಿಯುತ್ತದೆ. ಕಾಶ್ಮೀರದ ಹಿಮ, ಆ ಬರ್ಫ ಎಂಬುದನ್ನು ನಾನು ಗೋಲಾ ಮಾರುವವನ ಡಬ್ಬಿಯಲ್ಲಿ ಮಾತ್ರ ಕಂಡವಳು. ಕಂಡಿದ್ದ ಗಿಡವೆಂದರೆ ಬೇವು, ಜಾಲಿ. ಬೇವಿನ ಮರೆ ಸಾಲದು ಅನ್ನಿಸಿ ಜಾಲಿ ಇಟ್ಟುಕೊಂಡೆ. ಈ ಕಥೆ ಶಾಲೆಯಲ್ಲೆಲ್ಲ ಹಬ್ಬಿತು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಕರೆದು ಕರೆದು ಹೇಳಿಸುತ್ತಿದ್ದರು.

ಯುದ್ಧ ಮುಗಿದ ಮೇಲೆ ಕಾರ್ಡು ಬಂತು, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಾಕಾನೇ ಬಂದ. ಕರ್ರಗಾಗಿದ್ದ, ಗಲ್ಲದ ಎಲುಬು ಕಾಣುತ್ತಿತ್ತು. ಎಡಗೈಯ ಕಿರುಬೆರಳಿನ ತುದಿ ಇರಲಿಲ್ಲ.

‘ಗುಂಡು ಬಡಿತೇನು?’ ಅಂದೆ.

‘ಇಲ್ಲವ್ವ. ಥಂಡಿ ತಿಂತು,’ ಅಂದ.

ನಾನು ಶಾಲೆಯಲ್ಲಿ ಗುಂಡು ಅಂತಲೇ ಹೇಳಿದೆ.

ಅಮಾವಾಸ್ಯೆಯ ದಿನ ಹೊಲದಲ್ಲಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಜ್ಜಿ ರೊಟ್ಟಿ, ಎಲ್ಲ ಕಾಳು-ಪಲ್ಯ ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹಿಂಡಿ. ಕಾಕಾ ನಾಲ್ಕೇ ತುತ್ತು ತಿಂದು ಕೈ ನಿಲ್ಲಿಸಿ, ‘ಅಲ್ಲಿ ಒಮ್ಮೆ ಏನಾಯ್ತಂದ್ರ ಅಣ್ಣಾ…’ ಅಂತ ಶುರು ಮಾಡಿದ. ಪಕ್ಕದ ಹೊಲದವರು ಬಂದು ‘ಎಷ್ಟು ಮಂದೀನ ಹೊಡದ್ಯೋ ಶರಣಪ್ಪಾ’ ಅಂದರು. ಕಾಕಾ ನಕ್ಕು ಮತ್ತೆ ರೊಟ್ಟಿ ಮುರಿದ. ಆ ರಜೆಯಲ್ಲಿ ಅವನು ಹಾಗೆ ಎಷ್ಟು ಸಲ ಬಾಯಿ ತೆರೆದನೋ, ಎಷ್ಟು ಸಲ ಮುಚ್ಚಿದನೋ. ನಾನೂ ಕೇಳುತ್ತಿದ್ದದ್ದು ‘ಎಷ್ಟು ಮಂದಿ’ ಅಂತಲೇ.

ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಕಾಕಾಗೆ ಸನ್ಮಾನ. ನಾನು ಎರಡು ಜಡೆಗೂ ಹೊಸ ರಿಬ್ಬನ್ ಕಟ್ಟಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಹೆಡ್ ಮಾಸ್ತರರು ‘ಇವರು ವೈರಿಗಳ ಎದಿ ಸೀಳಿ ಬಂದವರು’ ಎಂದು ಪರಿಚಯಿಸಿ ‘ಮಕ್ಕಳಿಗೆ ಎರಡು ಮಾತು ಹೇಳ್ರಿ’ ಅಂದರು. ಕಾಕಾ ಎದ್ದು ನಿಂತ. ಬಿಳಿ ಅಂಗಿ ಹಾಕಿದ್ದ. ಕೈಕಟ್ಟಿ ನಿಂತು ಹೇಳಿದ:

‘ನಾ ಬಂದೂಕ ಭಾಳ ಹಿಡಿಲಿಲ್ಲರಿ. ಗುಡ್ಡದ ಮ್ಯಾಲ ಗುಂಡು ಹೊಡಿಯವ್ರಿಗೆ ಅಡ್ಡ ಗ್ವಾಡಿ ಬೇಕು. ಅಲ್ಲಿ ಸಿಮೆಂಟಿಲ್ಲ, ನೀರಿಲ್ಲ. ಕಲ್ಲಿನ ಮ್ಯಾಲ ಕಲ್ಲು ಕುಂದರಸ್ಬೇಕು. ನಾ ಶಹಾಬಾದ ಕಡಿಯವ ಅಂತ ತಿಳದು ಸಾಹೇಬ್ರು ನನ್ನ ಮುಂದ ಕರದ್ರು. ದಿನಾ ಕಲ್ಲು ಹೊತ್ತೆ. ನನ್ನ ಸಂಗಾಟ ಒಬ್ಬ ಹುಡುಗ…’

ಅಷ್ಟರಲ್ಲಿ ಹಿಂದಿನಿಂದ ಏಳನೇ ಇಯತ್ತೆಯ ಮಲ್ಲು ಎಲ್ಲರಿಗೂ ಕೇಳುವಂತೆ ಅಂದ, ‘ಕಲ್ಲು ಹೊರಾಕ ಕಾಶ್ಮೀರಕ್ಕ ಯಾಕ ಹೋಗ್ಬೇಕಾಗಿತ್ತು, ಶಹಾಬಾದದಾಗ ಇದ್ದಿಲ್ಲೇನು?’

ಮೊದಲು ಎರಡು ಸಾಲು ನಕ್ಕವು. ಆಮೇಲೆ ಇಡೀ ಶಾಲೆ ನಕ್ಕಿತು. ಒಬ್ಬಿಬ್ಬರು ಮಾಸ್ತರರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಎಲ್ಲರೂ ನನ್ನ ಕಡೆ ತಿರುಗುವುದು ಗೊತ್ತಾಯಿತು. ನಾಳೆಯಿಂದ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ಗೊತ್ತಾಯಿತು. ಆಗ ನಾನೂ ನಕ್ಕೆ. ಸುಮ್ಮನೆ ಅಲ್ಲ, ಎಲ್ಲರಿಗಿಂತ ಜೋರಾಗಿ. ಈ ಮನುಷ್ಯ ನನಗೇನೂ ಆಗಬೇಕಾದವನಲ್ಲ ಅನ್ನುವ ಹಾಗೆ. ಕಾಕಾನ ಕಣ್ಣು ನನ್ನನ್ನೇ ಹುಡುಕುತ್ತ ಬಂದು ಸರಿಯಾಗಿ ಆ ಗಳಿಗೆಯಲ್ಲೇ ಸಿಕ್ಕಿತು. ಹೆಡ್ ಮಾಸ್ತರರು ಲಗುಬಗೆಯಿಂದ ಶಾಲು ಹೊದಿಸಿ ಜೈಕಾರ ಹಾಕಿಸಿದರು. ಅವನ ಮಾತು ಅಲ್ಲಿಗೇ ನಿಂತಿತು.

ಸಂಜೆ ಅವನು ಅಂಗಳದಲ್ಲಿ ಒಬ್ಬನೇ ಕೂತಿದ್ದ. ನನಗೆ ಸಿಟ್ಟು ಇಳಿದಿರಲಿಲ್ಲ. ತಪ್ಪು ನನ್ನದು, ಸಿಟ್ಟೂ ನನ್ನದೇ.

‘ಒಂದು ಸುಳ್ಳಾದ್ರೂ ಹೇಳಬಾರದಿತ್ತೇನು ಕಾಕಾ?’ ಅಂದೆ.

‘ಹೌದಲ್ಲ. ಹೊಳಿಲಿಲ್ಲ ನೋಡವ್ವ,’ ಅಂದ. ಆಮೇಲೆ, ‘ಏನಂತ ಹೇಳಬೇಕಿತ್ತು?’ ಅಂದ.

ಅವನು ನಿಜವಾಗಿ ಕೇಳುತ್ತಿದ್ದ. ನಾನು ಎದುರಿಗೆ ನಿಂತು ಆರು ಮಂದಿ, ಜಾಲಿ ಗಿಡ, ಕೊನೆಯ ಗುಂಡು ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಕಾಕಾ ಕೊನೆಯ ತನಕ ಕೇಳಿದ. ರಜೆ ಮುಗಿದು ಹೊರಟಾಗ ಮನೆಯವರೆಲ್ಲ ವಾಡಿ ಸ್ಟೇಷನ್ನಿಗೆ ಹೋದರು. ನಾನು ಹೊಟ್ಟೆ ನೋವೆಂದು ಮಲಗಿದೆ.

ಆಮೇಲೆ ನಮ್ಮ ನಮ್ಮ ಬದುಕು. ಕಾಕಾ ನಿವೃತ್ತನಾಗಿ ಶಹಾಬಾದಿನಲ್ಲಿ ಮನೆ ಕಟ್ಟಿದ. ನಾನು ಓದಿ, ನೌಕರಿ ಹಿಡಿದು, ಮದುವೆಯಾಗಿ ಚಿತ್ತಾಪುರಕ್ಕೆ ಬಂದೆ. ಆಗಸ್ಟ್ ಹದಿನೈದು ಬಂತೆಂದರೆ ಆ ಶಾಲೆ ಈ ಶಾಲೆಯವರು ಅವನನ್ನು ಕರೆಯುತ್ತಾರೆ ಎಂದು ಕೇಳುತ್ತಿದ್ದೆ. ಅಲ್ಲಿ ಅವನು ಏನು ಹೇಳುತ್ತಾನೆಂದು ಯಾವತ್ತೂ ಕೇಳಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಈಚೆಗೆ ಟಿವಿಯಲ್ಲಿ ಮತ್ತೆ ಯುದ್ಧದ ಮಾತು ಎದ್ದಾಗ ಇಡೀ ದಿನ ಗಡಿಯ ನಕ್ಷೆ, ಕೂಗಾಟ. ಆರನೇ ತರಗತಿಯ ಮಗಳು ಸಹನಾ ಕಣ್ಣು ಕೀಳದೆ ನೋಡುತ್ತಿದ್ದಳು. ಅವಳ ಶಾಲೆಯವರಿಗೆ ಒಬ್ಬ ಮಾಜಿ ಸೈನಿಕ ಬೇಕಾದಾಗ ಅವಳೇ ಕಾಕಾನ ಹೆಸರು ಕೊಟ್ಟುಬಂದಳು. ಹಾಗಾಗಿ ಹೋದ ಆಗಸ್ಟಿನಲ್ಲಿ ನಾನು ಪಾಲಕರ ಕುರ್ಚಿಯಲ್ಲಿ ಕೂತು, ಅಷ್ಟು ವರ್ಷಗಳ ನಂತರ ಅವನ ಮಾತು ಕೇಳಿದೆ.

ಚೆನ್ನಾಗಿ ಮಾತಾಡಿದ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಏರಿಸಬೇಕು ಎಲ್ಲ ಪಳಗಿತ್ತು. ‘ಅವರು ಆರು ಮಂದಿ, ನಾ ಒಬ್ಬ’ ಅಂದಾಗಲೇ ಮುಂದಿನ ಮಾತು ಏನೆಂದು ನನಗೆ ಗೊತ್ತಾಯಿತು. ‘ಜಾಲಿ ಗಿಡದ ಹಿಂದ ಅಡಗಿದ್ರು’ ಅಂದ. ಬರೀ ಕಲ್ಲು, ಬರ್ಫ ಇರುವ ಗುಡ್ಡದ ಮೇಲೆ ಜಾಲಿ ಗಿಡ. ಒಬ್ಬ ಮಾಸ್ತರರೂ ಹುಬ್ಬು ಏರಿಸಲಿಲ್ಲ. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಹನಾ ತಿರುಗಿ ನನ್ನನ್ನು ನೋಡಿ ಹೆಮ್ಮೆಯಿಂದ ಕೈ ಬೀಸಿದಳು. ನಾನು ಚಪ್ಪಾಳೆ ತಟ್ಟಲು ಹೋದೆ, ಆಗಲಿಲ್ಲ.

ಆ ವಾರವಿಡೀ ನನಗೆ ಸಮಾಧಾನವಿಲ್ಲ. ಆಫೀಸಿನಲ್ಲಿ ಅರ್ಜಿಗಳ ಮೇಲೆ ಮುದ್ರೆ ತಲೆಕೆಳಗಾಗಿ ಒತ್ತಿದೆ. ಭಾನುವಾರ ಬಸ್ಸು ಹತ್ತಿ ಶಹಾಬಾದಿಗೆ ಹೋದೆ. ಕಾಕಾ ಒಬ್ಬನೇ ಇದ್ದ. ಅವನೇ ಚಹಾ ಮಾಡಿ ತಂದ. ನಾನು ಕುಡಿಯಲೂ ಇಲ್ಲ, ಸುತ್ತಿ ಬಳಸಿ ಮಾತಾಡಲೂ ಇಲ್ಲ.

‘ಅವತ್ತ ನಮ್ಮ ಸಾಲ್ಯಾಗ ಒಬ್ಬ ಹುಡುಗ ಅಂತ ಸುರು ಮಾಡಿದ್ದಿ ಕಾಕಾ. ಯಾರವ?’

ಕಾಕಾ ಕಪ್ಪು ಕೆಳಗಿಟ್ಟ. ‘ಈಗ ಕೇಳಾಕ ಬಂದ್ಯೇನು?’ ಅಂದ. ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

‘ಬಾಬು ಅಂತ. ಉಮರ್ಗಾ ಕಡಿಯವ. ಇಪ್ಪತ್ತೊಂದು ವಯಸ್ಸು. ನಾ ಕಲ್ಲು ಆರಿಸಿ ಕೊಡಾಂವ, ಅಂವ ಹೊರಾಂವ. ಅಲ್ಲೇ ಸತ್ತ.’ ಕಪ್ಪು ಪಕ್ಕಕ್ಕೆ ಸರಿಸಿ ಹೇಳಿದ, ‘ನಾ ಪೆನ್ಷನ್ ಬಂದ ವರ್ಷ ಅವರವ್ವ ನನ್ನ ಹುಡುಕ್ಕೋತ ಇಲ್ಲಿಗೆ ಬಂದಿದ್ಲು. ಶಹಾಬಾದದ ಶರಣಪ್ಪಣ್ಣ ಅಂತ ಮಗ ಕಾಗದದಾಗ ಬರ್ದಿದ್ನಂತ. ಎರಡು ಬಸ್ಸು ಬದಲಿ ಮಾಡಿ ಬಂದಿದ್ಲು ಮುದುಕಿ. ನನ್ನ ಮಗ ಹ್ಯಾಂಗ ಸತ್ತ, ಅಷ್ಟ ಹೇಳಪ್ಪಾ ಅಂದ್ಲು.’

‘ನೀ ಏನ್ ಹೇಳ್ದಿ?’

‘ಕಲ್ಲು ಹೊರುವಾಗ ಸತ್ತ ಅಂತ ಹ್ಯಾಂಗ ಹೇಳ್ಲಿ? ಮಂದಿ ನಗೋದು ನಾ ಕಂಡಿದ್ದೆ. ಅದಕ್ಕ ನೀ ಕಲಿಸಿದ್ದ ಹೇಳ್ದೆ. ಆರು ಮಂದೀನ ಹೊಡದು ಸತ್ತ ಅಂದೆ. ಗಿಡದ ಹಿಂದ ಇದ್ರು ಅಂದೆ.’

‘ಆಕಿ?’

‘ಪೂರಾ ಕೇಳಿದ್ಲು. ಆಮ್ಯಾಲ ಚೀಲದಾಗಿಂದ ಕಾಗದ ತಗದ್ಲು. ಅದರಾಗ ಅಂವ ಬರ್ದಿದ್ದ, ಇಲ್ಲಿ ಹುಲ್ಲಕಡ್ಡಿ ಸೈತ ಇಲ್ಲ ಅವ್ವಾ, ದಿನಾ ಕಲ್ಲು ಹೊರ್ತೀವಿ ಅಂತ. ಆಕಿ ನನ್ನ ಮಾರಿ ನೋಡಿ ಒಂದೇ ಮಾತು ಅಂದ್ಲು. ನೀ ಅವನ ಹತ್ತಿರ ಇದ್ದಿಲ್ಲ ಬಿಡಪ್ಪಾ, ಅಂದ್ಲು. ಎದ್ದು ಹೋದ್ಲು.’

‘ಹಿಂದಿಂದ ಹೋಗಿ ಖರೇ ಹೇಳಬೇಕಿತ್ತಲ್ಲ ಕಾಕಾ.’

‘ಒಮ್ಮೆ ಸುಳ್ಳು ಹೇಳಿದಾಂವನ ಖರೇ ಯಾರು ನಂಬ್ತಾರ?’

ಆಮೇಲೆ ನಾನು ಕೇಳದಿದ್ದರೂ ಕಾಕಾ ಹೇಳಿದ. ಗೋಡೆ ಇನ್ನೇನು ಮುಗಿಯಲಿತ್ತು. ವೈರಿಗಳ ಫಿರಂಗಿಯ ಷೆಲ್ಲು ಬಂದು ಬಿತ್ತು. ಒಡೆದ ಕಲ್ಲಿನ ಚೂರು ಬಾಬುವಿನ ಹೊಟ್ಟೆಗೆ ಹೊಕ್ಕಿತು. ಕೆಳಗೆ ಇಳಿಸುವ ಹಾಗಿರಲಿಲ್ಲ. ಕಾಕಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ಕೋಟು ತೆಗೆದು ಅವನಿಗೆ ಹೊದಿಸಿ, ಅವನ ಕೈ ಹಿಡಿದುಕೊಂಡು ಕೂತ. ಬೆರಳು ಹೋದದ್ದು ಆಗಲೇ. ಬಾಬು ಕೊನೆಗೆ ಅಂದದ್ದು ಇಷ್ಟು: ‘ಅವ್ವಗ ಹೇಳಣ್ಣ, ನನಗ ಥಂಡಿ ಹತ್ತಲಿಲ್ಲ ಅಂತ.’

ನಾನು ಎದ್ದು ನಿಂತೆ. ‘ನಡಿ ಕಾಕಾ, ಹೋಗೋಣ. ಈಗ್ಲೇ ಹೋಗೋಣ. ನಾನೂ ಬರ್ತೀನಿ, ತಪ್ಪು ನಂದು ಅಂತ ನಾನೇ ಹೇಳ್ತೀನಿ. ನಂಬ್ತಾಳ.’

‘ಕುಂದ್ರು,’ ಅಂದ ಕಾಕಾ. ‘ಯುಗಾದಿ ಮುಂದ ನಾ ಹೋಗಿದ್ದೆ. ತಡೀಲಾರದ ಹೋದೆ. ಮನೀಗೆ ಕೀಲಿ ಇತ್ತು. ಮುದುಕಿ ಹೋಗಿ ಮೂರು ವರ್ಷ ಆಯ್ತಂತ.’

ಬಾಲ್ಯದಲ್ಲಿ ಏನೇನು ಕಳೆದುಹೋಯಿತು ಎಂದು ಜನ ಕೂತು ಮಾತಾಡುವಾಗ ನಾನು ಎದ್ದು ಒಳಗೆ ಹೋಗುತ್ತೇನೆ. ಅವರಿಗೆ ಹಬ್ಬ ಕಳೆದಿರಬಹುದು, ಆಟ ಕಳೆದಿರಬಹುದು. ನಾನು ಕಳೆದದ್ದು ನನ್ನದಲ್ಲ. ಒಬ್ಬ ತಾಯಿಗೆ ಮುಟ್ಟಬೇಕಾಗಿದ್ದ ಒಂದು ಮಾತು ನನ್ನ ನಗುವಿನಿಂದ ನಡುದಾರಿಯಲ್ಲೇ ಸತ್ತಿತು. ಬಾಬುವಿನ ತಲೆ ಕೊನೆಯ ತನಕ ನಮ್ಮ ಕಾಕಾನ ತೊಡೆಯ ಮೇಲೆ ಇತ್ತು. ಅವನ ಅವ್ವ ಮಾತ್ರ, ಮಗ ಸಾಯುವಾಗ ಹತ್ತಿರ ಯಾರೂ ಇರಲಿಲ್ಲ ಎಂದುಕೊಂಡೇ ಕಣ್ಣು ಮುಚ್ಚಿದಳು.