ನಾಲಿಗೆಗೆ ಹಚ್ಚದೆ ಗುರುತಿಸಿದ ಬಿಳಿ ಪುಡಿ

ನನ್ನ ಮೊಮ್ಮಗಳನ್ನು ಶಾಲೆಯ ಲ್ಯಾಬಿನೊಳಗೆ ಮತ್ತೆ ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಎಂಟನೇ ಇಯತ್ತೆಗೆ ಹೊಸದಾಗಿ ಬಂದ ಮಕ್ಕಳಿಗೆ ಅಲ್ಲಿನ ಸಾಮಾನು ಹೇಗೆ ಹಿಡಿಯಬೇಕು, ಹೇಗೆ ಹಿಡಿಯಬಾರದು ಎಂದು ತೋರಿಸುವ ಕೆಲಸವನ್ನೂ ಅವಳಿಗೇ ಕೊಟ್ಟರು. ಈ ಸುದ್ದಿಯನ್ನು ನಮ್ಮ ಓಣಿಯಲ್ಲಿ ಎದುರಿಗೆ ಬಂದವರಿಗೆಲ್ಲ ಹೇಳಿದೆ. ತಾಳಿಕೋಟೆ ಬಸ್ಸಿಗೆ ಓಡುತ್ತಿದ್ದವರನ್ನೂ ನಿಲ್ಲಿಸಿ ಹೇಳಿದೆ. ಈಗ ಬರೆದೂ ಇಡುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ನಾವು ಮುದ್ದೇಬಿಹಾಳದವರು. ಮಗ ಇಂಡಿಯಿಂದ ನಿಂಬೆಹಣ್ಣಿನ ಚೀಲ ಹೇರಿಕೊಂಡು ಟೆಂಪೋ ಓಡಿಸುತ್ತಾನೆ. ಸೊಸೆ ಮನೆಯಲ್ಲೇ ಕುಬುಸ ಹೊಲಿಯುತ್ತಾಳೆ. ಹೀಗಾಗಿ ಮೊಮ್ಮಗಳು ಚಿಕ್ಕಂದಿನಿಂದ ಬೆಳೆದದ್ದು ನನ್ನ ಒಲೆಯ ಮುಂದೆ. ಸೌಟಿನಿಂದ ಸಾರಿನ ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುವುದು ನಮ್ಮ ಮನೆಯ ಕ್ರಮ. ಡಬ್ಬಿಯಲ್ಲಿರುವುದು ಉಪ್ಪೋ ಸೋಡಾವೋ ಎಂಬ ಅನುಮಾನ ಬಂದರೂ ಬೆರಳು ಅದ್ದಿ ನಾಲಿಗೆಗೆ ಹಚ್ಚುವುದೇ. ಅವಳೂ ಅದನ್ನೇ ಕಲಿತಳು.

ಒಂಬತ್ತನೇ ಇಯತ್ತೆಯಲ್ಲಿ ಒಂದು ದಿನ ವಿಜ್ಞಾನ ಕಲಿಸುವ ಅಕ್ಕೋರು ಗಾಜಿನ ಚಿಕ್ಕ ತಟ್ಟೆಗಳಲ್ಲಿ ಬಿಳಿ ಪುಡಿಗಳನ್ನು ಇಟ್ಟು, ಯಾವುದು ಏನು ಎಂದು ಪ್ರಯೋಗ ಮಾಡಿ ಕಂಡುಹಿಡಿಯಿರಿ ಎಂದರಂತೆ. ಉಳಿದ ಹುಡುಗಿಯರು ಪ್ರನಾಳ ತೊಳೆದು ತರುವುದರೊಳಗೆ ಇವಳು ಬೆರಳು ಅದ್ದಿ ನೆಕ್ಕಿ, "ಇದು ಉಪ್ಪುರಿ" ಎಂದಳಂತೆ. ಎರಡನೆಯ ತಟ್ಟೆಯದನ್ನೂ ನೆಕ್ಕಿದಳು; ಅದು ಬಟ್ಟೆ ಒಗೆಯುವ ಸೋಡಾ. ನಾಲಿಗೆ ಚುರ್ ಎಂದಿತು. ಅಕ್ಕೋರು ಅವಳನ್ನು ನಲ್ಲಿಯ ಹತ್ತಿರ ಎಳೆದೊಯ್ದು ಬಾಯಿ ಮುಕ್ಕಳಿಸಲು ಹಚ್ಚಿ ಹೊರಗೆ ಕಳಿಸಿದರು. ಮನೆಯ ಹಿರಿಯರು ಬರುವವರೆಗೆ ಲ್ಯಾಬಿಗೆ ಕಾಲಿಡಬೇಡ ಎಂದರು.

ಹುಡುಗಿ ಅಂದು ಉಣ್ಣಲಿಲ್ಲ. ಮುಂದೆ ಸಾಯನ್ಸ್ ಓದಬೇಕು ಎಂದು ಅವಳಿಗೆ ಬಹಳ ಆಸೆ. ವಾರವೆಲ್ಲ ಆ ಲ್ಯಾಬಿನ ತಾಸಿಗಾಗಿಯೇ ಕಾಯುವವಳು.

ಮರುದಿನ ನಾನೇ ಹೋದೆ. ಸ್ವಲ್ಪ ಸಿಟ್ಟಿನಿಂದಲೇ ಹೋದೆ.

"ಅಕ್ಕೋರ, ನಾಲಿಗಿಗೆ ಹಚ್ಚಿ ನೋಡಿದ್ರ ಏನಾತ್ರಿ? ನಾವೆಲ್ಲಾ ಹಂಗ ನೋಡಿನ ಅಡಗಿ ಮಾಡೇವಿ."

ಅಕ್ಕೋರು ಜಗಳಕ್ಕೆ ಬರಲಿಲ್ಲ. ನನ್ನನ್ನು ಒಳಗೆ ಕರೆದು ಎರಡು ಬಾಟಲಿ ತೋರಿಸಿದರು. ಎರಡರಲ್ಲೂ ತಿಳಿಯಾದ ನೀರಿನಂಥದ್ದೇ ಇತ್ತು.

"ಇದ್ರಾಗ ನೀರು ಯಾವ್ದು ಹೇಳ್ರಿ, ಆಯಿ."

ನಾನು ತಡಮಾಡದೆ ಬಿರಡೆಗೆ ಕೈ ಹಾಕಿ ಮೂಗು ಮುಂದೆ ಮಾಡಿದೆ.

"ಏ ಆಯಿ! ಕೈ ತಗೀರಿ! ಮೊಮ್ಮಗಳು ಯಾರಿಂದ ಕಲ್ತಾಳ ಅನ್ನೂದು ತಿಳೀತು ಬಿಡ್ರಿ."

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ನಕ್ಕಳು. ಅಕ್ಕೋರು ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ರಬ್ಬರಿನ ಗವಸು ಹಾಕಿಕೊಂಡರು. ನನ್ನನ್ನು ದೂರ ನಿಲ್ಲಿಸಿದರು. ಗಾಜಿನ ಪಾತ್ರೆಯಲ್ಲಿ ಸಕ್ಕರೆ ಹಾಕಿ, ಒಂದು ಬಾಟಲಿಯಿಂದ ಹನಿ ಹನಿಯಾಗಿ ಬಿಟ್ಟರು. ಸಕ್ಕರೆ ಹಳದಿಯಾಯಿತು, ಕಂದಾಯಿತು, ಕಡೆಗೆ ಕರ್ರಗೆ ಇದ್ದಿಲಾಗಿ ಮೇಲಕ್ಕೆ ಉಬ್ಬಿತು. ಕೆಳಗೆ ಬೆಂಕಿ ಇರಲಿಲ್ಲ. ಅದು ಆ್ಯಸಿಡ್ ಎಂದರು. ನಾನು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡೆ.

ವಾಸನೆ ನೋಡಲೇಬೇಕಾದ ಪದಾರ್ಥವಿದ್ದರೆ ಪ್ರನಾಳವನ್ನು ಮುಖದಿಂದ ದೂರ ಹಿಡಿದು, ಅಂಗೈಯಿಂದ ಗಾಳಿಯನ್ನು ಸ್ವಲ್ಪವೇ ಬೀಸಿಕೊಳ್ಳಬೇಕಂತೆ. ಕಾಯಿಸುವಾಗ ಪ್ರನಾಳದ ಬಾಯಿ ಯಾರ ಕಡೆಗೂ ಇರಬಾರದಂತೆ. ಸ್ಪಿರಿಟ್ ದೀಪವನ್ನು ಊದಿ ಆರಿಸದೆ ಮುಚ್ಚಳ ಮುಚ್ಚಿ ಆರಿಸಬೇಕಂತೆ. ಎಲ್ಲ ಹೇಳಿ ಕಡೆಗೆ ಅಂದರು:

"ಹುಡುಗಿ ಶಾಣ್ಯಾಕಿ ಅದಾಳ. ಆದ್ರ ಇದು ಮನಿ, ಇದು ಲ್ಯಾಬ್ ಅಂತ ಕೈಗೆ ತಿಳಿಯಂಗಿಲ್ರಿ. ಆ ರೂಢಿ ಬಿಡೂತನಾ ಒಳಗ ಬಿಡಾಂಗಿಲ್ಲ. ಬಿಟ್ಟಾಳೋ ಇಲ್ಲೋ ನಾನ ಪರೀಕ್ಷಾ ಮಾಡ್ತೇನಿ."

 ಮನೆ ಹತ್ತಿರ ಬಂದಾಗ ಮೊಮ್ಮಗಳು, "ಆಯಿ, ಇನ್ನ ಮ್ಯಾಲ ಅಡಗಿಮನ್ಯಾಗೂ ಯಾರೂ ನೆಕ್ಕಿ ನೋಡಬ್ಯಾಡ್ರಿ. ನೀ ನೋಡಿದ್ರ ನನ್ನ ಕೈ ತಾನ ಹೋಗ್ತೈತಿ" ಎಂದಳು.

ಹಾಗೆ ನಮ್ಮ ಮನೆಯಲ್ಲಿ ರುಚಿ ನೋಡದೆ ಅಡುಗೆ ಶುರುವಾಯಿತು. ಮೊದಲ ದಿನದ ಬೇಳೆಗೆ ಉಪ್ಪೇ ಇಲ್ಲ. ಮರುದಿನ ಅದರ ಸೇಡು ತೀರಿಸಿಕೊಂಡಂತೆ ಬಿತ್ತು. ನಮ್ಮ ಯಜಮಾನರು, ಅವಳ ಮುತ್ಯಾ, ತಟ್ಟೆ ಸರಿಸಿ ಕೇಳಿದರು:

"ಇದೇನು ಸಾರೋ, ಉಪ್ಪಿನಕಾಯಿ ಭರಣಿ ತೊಳದ ನೀರೋ?"

"ಮುತ್ಯಾ, ನಾಳೆ ಚಮಚಾಲೆ ಅಳದ ಹಾಕ್ತೇವಿ. ಇವತ್ತೊಂದಿನ ಮಜ್ಜಿಗಿ ಸುರಕೊಂಡು ಉಣ್ಣು."

"ನೀ ಲ್ಯಾಬಿಗೆ ಹೋಗೂದ್ರಾಗ ನಾ ದವಾಖಾನಿಗೆ ಹೋಗ್ತೇನಿ ನೋಡು."

ನಾನು ಒಮ್ಮೆ ಮಜ್ಜಿಗೆಗೆ ಉಪ್ಪೆಂದು ಸೋಡಾ ಹಾಕಿದೆ. ಅದು ಬುಸ್ ಎಂದು ನೊರೆ ಉಕ್ಕಿತು. ಅಂದೇ ಮೊಮ್ಮಗಳು ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದಳು. ಪ್ರತಿ ಡಬ್ಬಿಯ ಮುಂದೆ ನಿಂತು ನಾನು ಅಕ್ಷರ ಕೂಡಿಸಿ ಓದುವಾಗ ಒಗ್ಗರಣೆ ಸೀದ ದಿನಗಳೂ ಇವೆ. ಅವಳ ಸೌಟು ಅಂಗೈಯತ್ತ ಹೋದರೆ ನಾನು ಹಿಡಿಯುತ್ತಿದ್ದೆ, ನನ್ನದು ಹೋದರೆ ಅವಳು. ಹಿಡಿಯುವುದು ನಿಧಾನಕ್ಕೆ ಕಡಿಮೆಯಾಯಿತು. ಅಳತೆಯೂ ಕೂತಿತು.

ಮೊನ್ನೆ ಅಕ್ಕೋರು ಅವಳನ್ನು ಒಳಗೆ ಕರೆದರು. ಮತ್ತೆ ಬಿಳಿ ಪುಡಿಗಳು. ಇವಳು ಜಡೆ ಮೇಲೆ ಕಟ್ಟಿ, ಓಢಣಿಗೆ ಪಿನ್ನು ಹಾಕಿ, ಕನ್ನಡಕ ಏರಿಸಿ, ಪುಡಿಯನ್ನು ಚಮಚದಿಂದಲೇ ಎತ್ತಿ, ನೀರು ಬೆರೆಸಿದ ಆ್ಯಸಿಡ್ಡಿನ ಹನಿ ಬಿಟ್ಟು ನೊರೆ ನೋಡಿ, ಬಣ್ಣದ ಕಾಗದ ಅದ್ದಿ ನೋಡಿ, ಒಂದೊಂದನ್ನೇ ಗುರುತಿಸಿದಳು. ಅಕ್ಕೋರು ಸಂತೋಷಪಟ್ಟವರಂತೆ ಚೀಲದಿಂದ ಶೇಂಗಾ ಉಂಡಿ ತೆಗೆದು, "ಭಾಳ ಚಲೋ ಮಾಡಿದಿ, ತಗೋ, ತಿನ್ನು" ಎಂದು ಕೈ ಚಾಚಿದರಂತೆ.

ಹಿರಿಯರು ಕೊಟ್ಟ ತಿನಿಸನ್ನು ಬೇಡ ಎನ್ನಬಾರದು ಎಂದು ನಾವೇ ಬೆಳೆಸಿದ ಹುಡುಗಿ. ಕೊಟ್ಟವರು ಅಕ್ಕೋರು. ಅವಳ ಕೈ ಮುಂದೆ ಹೋಗಿ ನಿಂತಿತಂತೆ.

"ಇಲ್ಲಿ ಬ್ಯಾಡ್ರಿ, ಅಕ್ಕೋರ. ಸಿಟ್ಟಾಗಬ್ಯಾಡ್ರಿ. ಹೊರಗ ಹೋಗಿ ಕೈ ತೊಳಕೊಂಡು ತಿಂತೇನಿ."

ಅಕ್ಕೋರು ನಕ್ಕು, "ಇದ ಪರೀಕ್ಷಾ ಇತ್ತು ನೋಡು. ಆ ಪುಡಿ ಅಲ್ಲ" ಎಂದರಂತೆ. ಎಂಟನೇ ಇಯತ್ತೆಯ ಮಕ್ಕಳಿಗೆ ತೋರಿಸುವ ಕೆಲಸ ಕೊಟ್ಟದ್ದು ಆಗಲೇ.

ಆ ಸಂಜೆ ಮಗ ಚಡಚಣದ ಬಾಡಿಗೆ ಬಿಟ್ಟು ಬೇಗ ಬಂದ. ಸೊಸೆ ಮಶೀನು ಮುಚ್ಚಿಟ್ಟು ಹೋಳಿಗೆ ಲಟ್ಟಿಸಿದಳು. ನಮ್ಮಲ್ಲಿ ಗಂಡಸರ ಊಟ ಮೊದಲು, ನಮ್ಮದು ಆಮೇಲೆ. ಆದರೆ ಮೊಮ್ಮಗಳು, "ಎಲ್ಲಾರೂ ಕೂಡ್ರಿ, ಒಮ್ಮೆ ಹೇಳ್ತೇನಿ" ಎಂದು ಹಟ ಹಿಡಿದಳು. ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂತೆವು. ಅವಳು ಹೋಳಿಗೆಯ ಚೂರು ಕೈಯಲ್ಲೇ ಹಿಡಿದುಕೊಂಡು ನಾಳೆ ಮಕ್ಕಳಿಗೆ ಮೊದಲು ಕನ್ನಡಕ ತೋರಿಸಲೋ ದೀಪ ತೋರಿಸಲೋ ಎಂದು ಕೇಳುತ್ತಲೇ ಇದ್ದಳು.

"ಮೊದ್ಲ ಉಣ್ಣು ನಮ್ಮವ್ವಾ, ಆರಿ ಹೋಗ್ತೈತಿ" ಎಂದು ಮುತ್ಯಾ ಅವಳ ಹೋಳಿಗೆಯ ಮೇಲೆ ತುಪ್ಪ ಸುರಿದರು. ಆಮೇಲೆ ಎಲ್ಲರೂ ಉಂಡೆವು.