ಬಿಳಿಯಾಗುವ ತನಕ ತಿಕ್ಕಿದೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಡುತ್ತೇನೆ, ಆ ಭಾನುವಾರ ಮಧ್ಯಾಹ್ನ ಮಾಡಿದ್ದಕ್ಕೆ ಅದು ಸಮಜಾಯಿಷಿಯಲ್ಲ.

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಗ್ರೀಕ್ ದೇವತೆಯ ತಲೆ ಇತ್ತು. ಶಾಲೆಯ ವಸ್ತುಪ್ರದರ್ಶನಕ್ಕೆಂದು ಮಗಳು ಮೂರು ವಾರ ಕೂತು ಪ್ಲಾಸ್ಟರಿನಲ್ಲಿ ಮಾಡಿದ್ದು. ಅದಕ್ಕೆ ಬಣ್ಣ ಬಳಿದಿದ್ದಳು: ಕೆಂಪು ತುಟಿ, ಹಳದಿ ಓಲೆ, ಕಂದು ಮೈ. ನೋಡಿದ್ದೇ ತಡ, ಪಿತ್ತ ನೆತ್ತಿಗೇರಿತು. ನಾನು ಕಂಡ ಗ್ರೀಕ್ ಶಿಲ್ಪವೆಂದರೆ ಸಿರಿವಂತರ ಸ್ಪ್ರಿಂಗ್ ವ್ಯಾಲಿಯಲ್ಲಿರುವ ನಮ್ಮ ಬಾಸ್ ಮನೆಯ ತೋಟದ್ದು, ಹಾಲಿನಷ್ಟು ಬಿಳಿ. ಅವರ ಮಗನೂ ಅದೇ ಶಾಲೆ. ಮರುದಿನ ಪ್ರದರ್ಶನಕ್ಕೆ ಅವರು ಬಂದು ಇದನ್ನು ನೋಡಿ ನಗುತ್ತಾರೆಂದು ನನಗೆ ಮೈಯೆಲ್ಲ ಉರಿ.

“ಗ್ರೀಕ್ ದೇವತೆ ಅಂದ್ರೆ ಬಿಳಿ ಕಣೇ! ಇದೇನು ದಸರಾ ಗೊಂಬೆನಾ? ನಮ್ಮ ಬಣ್ಣ ಯಾಕೆ ಹಚ್ಚಿದೀಯ?”

“ನೋ ಅಪ್ಪಾ, ದೇ ವರ್ ಪೇಂಟೆಡ್! ಪ್ಲೀಸ್ ಲಿಸನ್...”

“ನಂಗೇ ಪಾಠ ಹೇಳ್ತೀಯಾ?” ಎಂದು ಕೆನ್ನೆಗೆ ಬಾರಿಸಿದೆ.

ಗೊಂಬೆಯನ್ನು ಸಿಂಕಿಗೆ ಹಾಕಿ, ನಲ್ಲಿ ಬಿಟ್ಟು, ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ತಿಕ್ಕತೊಡಗಿದೆ. ಕೆಂಪು ನೀರು ಇಳಿಯಿತು. ಮಗಳು ಕೈಗೆ ಜೋತುಬಿದ್ದಳು. ಮೊಣಕೈಯಿಂದ ತಳ್ಳಿದೆ, ಬಾಗಿಲಿಗೆ ಬಡಿದು ಬಿದ್ದಳು. ಎದ್ದು ಬಂದವಳೇ ನನ್ನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು, ರಕ್ತ ಬರುವ ತನಕ ಬಿಡಲಿಲ್ಲ. ನಾನು ಇನ್ನೊಂದು ಕೈಯಿಂದ ತಿಕ್ಕುತ್ತಲೇ ಇದ್ದೆ. ಗೊಂಬೆಯ ಮೂಗು ಕಳಚಿ ಬಿತ್ತು. ಹೇಳಲು ನಾಚಿಕೆ, ಆಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

“ನೀವು ಮನುಷ್ಯರೇನ್ರೀ?” ಎಂದಳು ಹೆಂಡತಿ, ಮಗಳನ್ನು ತಬ್ಬಿಕೊಂಡು. ನನ್ನ ಗಾಯಕ್ಕೆ ನಾನೇ ಅರಿಸಿನ ಮೆತ್ತಿಕೊಂಡೆ.

ಮರುದಿನ ಮೊಂಬಾಸಾ ರಸ್ತೆಯಲ್ಲಿ ಮಗಳನ್ನು ಕಾರಿನಲ್ಲಿ ಶಾಲೆಗೆ ಕರೆದೊಯ್ದೆ. ಮೂಗಿಲ್ಲದ ತಲೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಹಾರನ್ ಹೊಡೆದ ಮಟಾಟು ವ್ಯಾನಿನ ಡ್ರೈವರನನ್ನು ನಾನು ಸುಮ್ಮಸುಮ್ಮನೆ ಬೈದೆ.

ಶಾಲೆಯ ಹಾಲ್‌ನಲ್ಲಿ ಅವಳು ತಲೆಯನ್ನು ಹಾಗೆಯೇ ಮೇಜಿನ ಮೇಲಿಟ್ಟಳು. ಕಿವಿಯ ಹಿಂದೆ ಮಾತ್ರ ಚೂರು ಕಂದು ಉಳಿದಿತ್ತು. ಪಕ್ಕದ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ‘ಗ್ರೀಕರ ಶಿಲ್ಪಗಳಿಗೆ ಬಣ್ಣವಿತ್ತು. ಮಳೆ, ಮಣ್ಣು, ಬಿಸಿಲು ಸೇರಿ ಅಳಿಸಿದವು. ಅಲ್ಲಲ್ಲಿ ಉಳಿದಿದ್ದನ್ನು, ಬಿಳಿಯೇ ಚೆಂದ ಎಂದುಕೊಂಡವರು ತಿಕ್ಕಿ ತೆಗೆದರು.’ ಅದರ ಕೆಳಗೆ ಹೊಸ ಶಾಯಿಯಲ್ಲಿ ಇನ್ನೊಂದು ಸಾಲು: ‘ಇದನ್ನು ತಿಕ್ಕಿದವರು ನನ್ನ ಅಪ್ಪ.’

ಬಾಸ್ ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನತ್ತ ತಿರುಗಿ ಕೈ ಚಾಚಿದರು. ಹಲ್ಲಿನ ಗುರುತಿದ್ದ ಕೈಯನ್ನು ನಾನು ಜೇಬಿನಿಂದ ತೆಗೆಯಲಿಲ್ಲ.