ಬದುಕೀನ್ರೀ ಸಾಹೇಬ್ರ

ಮೇಸ್ತ್ರಿ ಕಾಕಾರ ಕಾಲ್ಬೆರಳುಗಳು ಜೀವಮಾನವೆಲ್ಲ ಕಾಲುವೆಯ ಕೆಸರು ತುಳಿದು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಆದರೂ ವರ್ಷಕ್ಕೊಂದು ದಿನ ಆ ಪಾದಗಳನ್ನು ಇಟ್ಟಿಗೆಚೂರಿನಿಂದ ತಿಕ್ಕಿ ತೊಳೆದು, ಮಡಿ ಧೋತರ ಉಟ್ಟು, ರುಮಾಲು ಸುತ್ತಿ ಮಾನ್ವಿಯ ಖಜಾನೆಗೆ ಹೊರಡುತ್ತಿದ್ದರು. ಪಿಂಚಣಿಯವರು ಬದುಕಿದ್ದೇವೆಂದು ಅಲ್ಲಿ ಮುಖ ತೋರಿಸಬೇಕು. ತೋರಿಸಿದರೆ ಸಾಕಿತ್ತು. ಕಾಕಾ ಮಾತ್ರ ಕಿಟಕಿಯ ಮುಂದೆ ಎದೆ ಸೆಟೆಸಿ ಕೂಗುತ್ತಿದ್ದರು: “ಬದುಕೀನ್ರೀ ಸಾಹೇಬ್ರ!”

ಓಣಿಯ ಹೆಂಗಸರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ನನ್ನ ಗಂಡ ಕಾಲುವೆಯಲ್ಲಿ ಅವರ ಕೈಕೆಳಗೆ ದುಡಿದವರು. ಕೆಲಸ ಮುಗಿಯುವ ಹೊತ್ತಿಗೆ ಎರಡು ದಾರಿ ಇದ್ದವು: ತಿಂಗಳಿಗೊಮ್ಮೆ ಪಿಂಚಣಿ, ಇಲ್ಲವೇ ಒಂದೇ ಸಲ ಇಡಿಗಂಟು. ಆಗ ರಾಯಚೂರಿನಲ್ಲಿ ಒಬ್ಬ ಸಾವುಕಾರ ಫೈನಾನ್ಸ್ ಕಂಪನಿ ತೆರೆದಿದ್ದ. ಅವನ ಏಜೆಂಟ ನಮ್ಮ ಕಟ್ಟೆಗೆ ಬಂದು ಕುಳಿತ. ಕಾಕಾ ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು.

“ಇಡಿಗಂಟು ತಗೊಂಡು ನಮ್ಮಲ್ಲಿ ಇಡ್ರಿ. ಸರ್ಕಾರಕ್ಕಿಂತ ಜಾಸ್ತಿ ಕೊಡ್ತೀವಿ. ವರ್ಷಾ ಹೋಗಿ ಬದುಕೀನಿ ಅಂತ ಒದರೋದೂ ಬ್ಯಾಡ,” ಎಂದು ಕಾಕಾರ ಕಡೆ ನೋಡಿ ಕಣ್ಣು ಹೊಡೆದ.

ಕಾಕಾ ನನಗೆ ಹೇಳಿದರು: “ಯವ್ವಾ, ಬದುಕೀಯೇನು ಅಂತ ಕೇಳಲಾರದವ ನೀ ಸತ್ರೂ ಕೇಳಂಗಿಲ್ಲ. ಸರ್ಕಾರ ಆದ್ರ ಗಂಡ ಹ್ವಾದ ಮ್ಯಾಲ ಹೆಣ್ತಿಗೂ ಕೊಡ್ತದ.”

“ಕೈಕಟ್ಟಿ ನಿಂತು ನಿಮಗ ರೂಢಿ ಆಗೇದ್ರಿ ಕಾಕಾ. ನಮ್ಮ ಮನಿಯವ್ರಿಗೆ ಆ ಗತಿ ಬ್ಯಾಡ,” ಎಂದುಬಿಟ್ಟೆ.

ಏಜೆಂಟ ನಕ್ಕ. ಕಾಕಾ ಚಹಾ ಅರ್ಧಕ್ಕೇ ಇಟ್ಟು ಎದ್ದರು.

ಇಡಿಗಂಟು ತಂದು ಕಂಪನಿಯಲ್ಲಿ ಇಟ್ಟೆವು. ವರ್ಷ ತುಂಬುವುದರೊಳಗೆ ಅದಕ್ಕೆ ಬೀಗ ಬಿತ್ತು. ನಮ್ಮವರು ರಾಯಚೂರಿಗೆ ಹೋಗಿ ಆ ಬೀಗ ನೋಡಿ ಬಂದವರು ಬಹಳ ದಿನ ಕಟ್ಟೆಗೆ ಬರಲಿಲ್ಲ. ನಾನು ದೇವದುರ್ಗದ ಕಡೆ ಹತ್ತಿ ಬಿಡಿಸಲು ಹೋಗತೊಡಗಿದೆ. ದಾರಿಯಲ್ಲಿ ಕಾಕಾ ಎದುರಾದರೆ ಸೆರಗು ಮುಖಕ್ಕೆ ಎಳೆದುಕೊಂಡು ಸಂದಿ ಹಿಡಿಯುತ್ತಿದ್ದೆ.

ಪಿಂಚಣಿ ಬಂದ ದಿನ ಅವರೇ ಬಂದರು, ಹೆಗಲ ಮೇಲೆ ಅಕ್ಕಿಯ ಗಂಟು. ಅದನ್ನು ಕಟ್ಟೆಗೆ ಇಳಿಸಿ, ಖಜಾನೆಯ ಅದೇ ದನಿಯಲ್ಲಿ ಕೂಗಿದರು: “ಬದುಕೀರೇನವ್ವಾ?”

ಒಲೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತೆ. ಓ ಅನ್ನಲು ಯಾವ ಮುಖವಿತ್ತು? ಅವರು ಹೋದ ಮೇಲೆ ಗಂಟನ್ನು ಒಳಗೆ ಎಳೆದುಕೊಂಡೆ. ಮುಂದಿನ ತಿಂಗಳೂ ಹಾಗೆಯೇ. ಕೈಕಾಲು ನಡೆಯುವ ತನಕ ಬಂದರು, ಕೂಗಿದರು. “ನಾ ಅಂದಿದ್ದಿಲ್ಲೇನು” ಎಂದು ಒಂದು ಸಲವೂ ಅನ್ನಲಿಲ್ಲ. ನಾನೂ ಒಂದು ಸಲವೂ ಉತ್ತರ ಕೊಡಲಿಲ್ಲ.

ಕಾಕಾ ಹೋದರು. ಅವರ ಪಿಂಚಣಿ ಈಗ ಕಾಕಿಯ ಕೈಗೆ ಬರುತ್ತಿದೆ, ಅವರು ಹೇಳಿದ ಹಾಗೆಯೇ.

ಇಂದು ಮುಂಜಾನೆ ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಎಂಥ ಗಂಟಲು ಆ ಕೂಸಿನದು! ಓಣಿಯೆಲ್ಲ ಎದ್ದು ಕುಳಿತಿತು. ಖುಷಿಗೆ ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ಹೊಸ್ತಿಲಿಗೆ ಬಂದೆ. ಗಂಟು ಇಳಿಸುತ್ತಿದ್ದ ಜಾಗ ಖಾಲಿ ಇತ್ತು. ಮಗು ಮತ್ತೆ ಕೂಗಿತು.

“ಬದುಕೀವ್ರೀ ಕಾಕಾ,” ಎಂದೆ, ತಲೆ ಎತ್ತಲಾಗದೆ.